ಬಾಗಿಲಲ್ಲಿ ಬೇವು, ಒಲೆಯ ಮೇಲೆ ಒಗ್ಗರಣೆ

ಮೂಗೂರಿನಲ್ಲಿ ನನಗೆ ಬಾಯಿ ಜೋರು ಅನ್ನುವ ಹೆಸರಿದೆ. ಇರಲಿ. ಹದಿನಾಲ್ಕು ವರ್ಷದಿಂದ ಆಶಾ ಕಾರ್ಯಕರ್ತೆಯಾಗಿ ಬೀದಿ ಸುತ್ತುವವಳಿಗೆ ಬಾಯಿ ಜೋರಿಲ್ಲದಿದ್ದರೆ ನಾಯಿಯೂ ದಾರಿ ಬಿಡುವುದಿಲ್ಲ. ನನ್ನ ಪಾಲಿನ ಇನ್ನೂರ ಹತ್ತು ಮನೆಗಳಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದು ತಪ್ಪಿಸಿಕೊಂಡ ಮಗು ಒಂದೂ ಇಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ. ದುಡಿದವರು ಜಂಬ ಪಡಬಾರದು ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಕಳೆದ ವರ್ಷ ಈ ಜಂಬ ಮಾದಮ್ಮನ ಹೊಸಿಲಲ್ಲಿ ಮುಗ್ಗರಿಸುವುದರಲ್ಲಿತ್ತು. ಅವಳ ಸೊಸೆ ಕೋಮಲಳ ಮಗು ರಮ್ಯಳಿಗೆ ಆಗ ಹತ್ತು ತಿಂಗಳು. ಒಂಬತ್ತು ತುಂಬಿದ ಕೂಡಲೇ ಹಾಕಿಸಬೇಕಾದ ಮೊದಲ ಸೂಜಿ ಆಗಿರಲಿಲ್ಲ. ಎರಡು ಗುರುವಾರ ಅಂಗನವಾಡಿಯಲ್ಲಿ ಕಾದೆ. ಒಂದು ವಾರ ಮಗುವಿಗೆ ನೆಗಡಿ ಅಂದರು, ಇನ್ನೊಂದು ವಾರ ಅಜ್ಜಿಗೆ ಸಂತೆ ಅಂದರು.

ಅಷ್ಟರಲ್ಲಿ ನಂಜನಗೂಡು ಕಡೆಯ ಆಶಾ ಗೆಳತಿಯೊಬ್ಬಳು ಫೋನ್ ಮಾಡಿದಳು. ದೇವನೂರು ದಾಟಿ ಒಂದು ಸಣ್ಣ ಹಳ್ಳಿ, ಅಲ್ಲಿ ನಾಲ್ಕು ಮಕ್ಕಳಿಗೆ ದಡಾರ ಎದ್ದಿದೆಯಂತೆ. ಅದು ಕೋಮಲಳ ತವರು. ಬರುವ ಗುರುವಾರದಿಂದ ಸರಿಯಾಗಿ ಹದಿನೆಂಟು ದಿನಕ್ಕೆ ಅವಳ ತಮ್ಮನ ಮದುವೆ. ಅಕ್ಕ ಹೋಗದ ಮದುವೆ ಉಂಟೆ? ಸೂಜಿಯ ಶಕ್ತಿ ಮೈಗೆ ಹತ್ತಲು ಎರಡು ವಾರ ಬೇಕು. ಈ ಗುರುವಾರವೂ ತಪ್ಪಿದರೆ ರಮ್ಯ ಬರಿಗೈಯಲ್ಲಿ ಆ ರೋಗದ ಮುಂದೆ ನಿಲ್ಲಬೇಕು.

ಗುರುವಾರ ಬೆಳಿಗ್ಗೆ ಹೋಗಿ ನೋಡಿದರೆ ಮಾದಮ್ಮನ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು.

ನಮ್ಮ ಕಡೆ ಬಾಗಿಲಲ್ಲಿ ಹಾಗೆ ಬೇವು ಕಂಡರೆ ಒಳಗೆ ಅಮ್ಮ ಬಂದಿದ್ದಾಳೆ ಎಂದರ್ಥ. ದಡಾರವಾಗಲಿ ಸೀತಾಳೆಯಾಗಲಿ, ಹಿರಿಯರಿಗೆ ಅದು ಕಾಯಿಲೆಯಲ್ಲ, ಮಾರಮ್ಮ. ಹೊರಗಿನವರು ಹೊಸಿಲು ದಾಟುವಂತಿಲ್ಲ. ಬೇವಿನ ನೀರಲ್ಲಿ ಮೂರು ಸಲ ಮೀಯಿಸಿ ಅವಳನ್ನು ಕಳಿಸುವವರೆಗೆ ಮನೆಯೊಳಗೆ ಎಲ್ಲವೂ ತಂಪಾಗಿರಬೇಕು.

ಮಾದಮ್ಮ ಬಾಗಿಲಿಗೆ ಕೈ ಅಡ್ಡ ಹಿಡಿದಳು. "ಅಲ್ಲೇ ನಿಂತ್ಕೊ ಮರಿತಾಯಮ್ಮ. ಮಗೀಗೆ ಅಮ್ಮ ಆಗ್ಯದೆ. ಇನ್ನ ನಿನ್ ಸೂಜಿ ಯಾಕೆ?"

ತಡ ಮಾಡಿಬಿಟ್ಟೆನಲ್ಲ ಎಂದು ನನ್ನನ್ನೇ ಬೈದುಕೊಂಡು ತಿರುಗಿದೆ. ಎರಡು ಹೆಜ್ಜೆ ಇಟ್ಟಿರಬೇಕು, ಅಡುಗೆಮನೆಯಿಂದ ಚುರ್ ಎಂದು ಸದ್ದು. ಹಿಂದೆಯೇ ಸಾಸಿವೆ, ಕರಿಬೇವು, ಬೆಳ್ಳುಳ್ಳಿಯ ಘಮ.

ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ! ಹಾಗೆ ಎಣ್ಣೆ ಕಾಯಿಸಿದವರನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಸೊಸೆಗೆ ಅತ್ತೆಯ ಉಪಾಯ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಬಾಣಲೆ ಇಟ್ಟಳೋ, ಇವತ್ತು ಕೇಳಿದರೂ ಕೋಮಲ ನಗುತ್ತಾಳೆಯೇ ಹೊರತು ಬಾಯಿ ಬಿಡುವುದಿಲ್ಲ.

"ಏನ್ ಮಾದಮ್ಮ, ಅಮ್ಮ ಈ ಸಲ ಒಗ್ಗರಣೆ ಕೇಳಿದ್ಲಾ?" ಅಂದೆ. ಮಾದಮ್ಮನ ಮುಖ ಕಪ್ಪಿಟ್ಟಿತು. ನಾನು ಬಿಡಲಿಲ್ಲ. "ಮಾರಮ್ಮನ ಎಸರಲ್ಲಿ ಸುಳ್ಳು ಏಳ್ತೀಯಲ್ಲ, ಸೂಜಿಗೆ ಎದರೋಳಿಗೆ ಅಮ್ಮನ ಎದರಿಕೆ ಇಲ್ವಾ?"

ಜಗಳಕ್ಕೆ ಬರುತ್ತಾಳೆ ಅಂದುಕೊಂಡೆ. ಅವಳು ಹೊಸಿಲ ಮೇಲೆ ಕುಸಿದು ಅತ್ತುಬಿಟ್ಟಳು.

"ದೊಡ್ ಮೊಮ್ಮಗಂಗೆ ಸೂಜಿ ಆಕ್ಸಿದ ಎಂಟು ದಿನಕ್ಕೆ ಜ್ವರ ಬಂದು ಮೈಯೆಲ್ಲ ಕೆಂಡ ಆಗಿತ್ತು ಕಣವ್ವ. ಎತ್ಕೊಂಡು ಓಗಿದ್ದೋಳು ನಾನು, ಎಲ್ರೂ ನನ್ನೇ ಅಂದ್ರು. ಈಗ ಮಗ ಮದನ್ ಮೊಬೈಲ್‌ನಾಗೆ ತೋರುಸ್ದ, ಈ ಸೂಜಿ ಆಕ್ಸುದ್ರೆ ಮಕ್ಳಿಗೆ ಮಾತೇ ಬರಕಿಲ್ವಂತೆ."

ನನ್ನ ಸಿಟ್ಟು ಇಳಿದುಹೋಯಿತು. ಜಗಲಿಯ ಮೇಲೆ ಅವಳ ಪಕ್ಕ ಕೂತೆ.

"ಜ್ವರ ಬರ್ಬೋದು. ಬರಕಿಲ್ಲ ಅಂತ ನಾನು ಸುಳ್ಳು ಏಳಾಕಿಲ್ಲ. ಎರಡು ದಿನಕ್ಕೆ ಇಳೀತದೆ, ಅವನಿಗೂ ಇಳೀತಲ್ಲ? ಅದಕ್ಕಿಂತ ದೊಡ್ ತೊಂದ್ರೆ ಬಲು ಅಪರೂಪ. ಆದ್ರೂ ಸಿಸ್ಟರ್ ಅರ್ಧ ಗಂಟೆ ಅಲ್ಲೇ ಕೂರುಸ್ಕೊಂಡು ನೋಡ್ತಾರೆ. ಮಾತು ಓಯ್ತದೆ ಅನ್ನೋದು ಶುದ್ಧ ಸುಳ್ಳು. ಲಕ್ಷಗಟ್ಲೆ ಮಕ್ಳನ್ನ ವರ್ಷಗಟ್ಲೆ ನೋಡಿ ಡಾಕ್ಟ್ರುಗಳು ಏಳವ್ರೆ. ನಿನ್ ದೊಡ್ ಮೊಮ್ಮಗ ಬಾಯಿ ಮುಚ್ಚಿದ್ದ ಒಂದಿನಾನಾದ್ರೂ ನೋಡಿದ್ದೀಯಾ?"

ಅಳುವಿನ ನಡುವೆಯೇ ಮಾದಮ್ಮನಿಗೆ ನಗು ಬಂತು. "ಆಕ್ಸುದ್ರೆ ದಡಾರ ಬರಾದೇ ಇಲ್ಲ ಅಂತ ಗ್ಯಾರಂಟಿನಾ?"

"ಮೊದಲ್ನೇ ಸೂಜೀಲಿ ನೂರಕ್ಕೆ ಎಂಬತ್ತೈದು ಮಕ್ಳು ಗೆಲ್ತವೆ. ಎರಡನೇದೂ ಆದ್ರೆ ತೊಂಬತ್ತೈದರ ಮೇಲೆ. ದಡಾರ ಎದ್ದಿರೋ ಕೋಮಲನ್ ತವರಿಗೆ ಆಕ್ಸದೆ ಕರ್ಕೊಂಡೋದ್ರೆ ಗ್ಯಾರಂಟಿ ದಡಾರಕ್ಕೇ."

"ಜ್ವರ ಬಂದ್ರೆ?"

"ನಾನೇ ಬಂದು ಕೂರ್ತೀನಿ."

ಅವಳು ಎದ್ದು, ತನ್ನ ಕೈಯಿಂದಲೇ ಬೇವಿನ ಸೊಪ್ಪು ಕಿತ್ತು, "ತಪ್ಪಾಯ್ತು ತಾಯಿ" ಎಂದು ಕಣ್ಣಿಗೊತ್ತಿಕೊಂಡಳು. ಅಂಗನವಾಡಿಯಲ್ಲಿ ಸಿಸ್ಟರ್ ಶ್ವೇತ ರಮ್ಯಳ ಬಲತೋಳಿಗೆ ಸೂಜಿ ಹಾಕಿದಾಗ ಮಗುವಿಗಿಂತ ಅಜ್ಜಿಯೇ ಜೋರಾಗಿ ಕಿರುಚಿದಳು.

ಎಂಟನೇ ದಿನ ಜ್ವರ ಬಂತು. ಹೇಳಿದ ಮಾತಿನಂತೆ ಹೋಗಿ ಕೂತೆ. ಸಿಸ್ಟರ್ ಹೇಳಿದಷ್ಟೇ ಔಷಧಿ ಕುಡಿಸಿದೆವು. ಮೂರನೇ ದಿನ ರಮ್ಯ ನನ್ನ ಕೊರಳ ಐಡಿ ಕಾರ್ಡ್ ಬಾಯಿಗಿಟ್ಟುಕೊಂಡು ಜಗ್ಗುತ್ತಿದ್ದಳು.

ಆದರೆ ಮದುವೆಯ ಮಾರನೇ ದಿನ ಕೋಮಲ ಅಳುತ್ತಾ ಫೋನ್ ಮಾಡಿದಳು. ರಮ್ಯಳ ಜೊತೆ ಒಂದೇ ಚಾಪೆಯಲ್ಲಿ ಮಲಗಿದ್ದ ಅಣ್ಣನ ಮಗಳಿಗೆ ಮೈತುಂಬ ಗುಳ್ಳೆ ಎದ್ದಿವೆ. ನೂರಕ್ಕೆ ಎಂಬತ್ತೈದು ಎಂದು ಎಷ್ಟು ಸಲೀಸಾಗಿ ಹೇಳಿದ್ದೆ! ಉಳಿದ ಹದಿನೈದರಲ್ಲಿ ಇವಳು ಸೇರಿದರೆ? ಅವರು ವಾಪಸು ಬಂದ ಮೇಲೆ ದಿನಾ ಏನಾದರೊಂದು ನೆಪ ಮಾಡಿಕೊಂಡು ಹೋಗಿ ಮಗುವಿನ ಕಿವಿಯ ಹಿಂದೆ ನೋಡುತ್ತಿದ್ದೆ, ದಡಾರ ಮೊದಲು ಅಲ್ಲೇ ಏಳುವುದು. ಊರಿಗೆಲ್ಲ ಬುದ್ಧಿ ಹೇಳುವ ನಾನೇ ಯಾರಿಗೂ ಕಾಣದಂತೆ ಮಾರಮ್ಮನ ಗುಡಿಗೆ ಮೊಸರನ್ನ ಒಯ್ದು ಬಂದೆ. ನಾಚಿಕೆಯೇನಿಲ್ಲ.

ರೋಗ ಏಳಬಹುದಾದ ಇಪ್ಪತ್ತೊಂದು ದಿನ ಕಳೆಯಿತು. ಆ ಚಾಪೆಯಲ್ಲಿ ಮಲಗಿದ್ದ ನಾಲ್ಕು ಮಕ್ಕಳಲ್ಲಿ ಸೂಜಿ ಹಾಕಿಸದ ಮೂವರೂ ದಡಾರದಲ್ಲಿ ನರಳಿದರು, ಒಂದು ಮಗು ಆಸ್ಪತ್ರೆ ಸೇರಿ ಉಳಿದು ಬಂತು. ರಮ್ಯಳ ಮೈಮೇಲೆ ಒಂದು ಗುಳ್ಳೆಯೂ ಏಳಲಿಲ್ಲ.

ಹದಿನಾರು ತಿಂಗಳಿಗೆ ಎರಡನೇ ಸೂಜಿ. ಆ ಗುರುವಾರ ನಾನು ಅಂಗನವಾಡಿಗೆ ಹೋಗುವಷ್ಟರಲ್ಲಿ ರಮ್ಯಳದು ಆಗಿಹೋಗಿತ್ತು. "ನಾನು ಬಾಗಿಲು ತೆಗೆಯೋ ಮುಂಚೆಯೇ ಮಾದಮ್ಮ ಬಂದು ಕೂತಿದ್ರು. ಅರ್ಧ ಗಂಟೆ ಮುಗಿದ ಕೂಡ್ಲೇ ಎದ್ದು ಎಲ್ಲಿಗೋ ಹೋದ್ರು," ಎಂದರು ಸಿಸ್ಟರ್ ಶ್ವೇತ. ಹೊಸದಾಗಿ ಬಾಡಿಗೆಗೆ ಬಂದ ಜವರಮ್ಮನ ಮೊಮ್ಮಗು ಇನ್ನೂ ಬಂದಿರಲಿಲ್ಲ. ಹುಡುಕಿಕೊಂಡು ಹೊರಟೆ.

ಬೀದಿಯ ತಿರುವಿನಲ್ಲೇ ಯಾರದೋ ಜೋರು ಗಂಟಲು ಕೇಳಿಸಿತು. ಜವರಮ್ಮನ ಮುಚ್ಚಿದ ಬಾಗಿಲಿಗೆ ಬೇವಿನ ಸೊಪ್ಪು. ಅದರ ಮುಂದೆ, ಕಂಕುಳಲ್ಲಿ ರಮ್ಯಳನ್ನು ಇಟ್ಟುಕೊಂಡು, ಮೂಗು ಮೇಲಕ್ಕೆತ್ತಿ ನಿಂತಿದ್ದಳು ಮಾದಮ್ಮ.

"ಒಗ್ಗರಣೆ ವಾಸ್ನೆ ಬೀದಿಗೆ ಬತ್ತಾ ಅದೆ ಕಣೇ ಜವರಮ್ಮ! ಅಮ್ಮನ ಎಸರಲ್ಲಿ ಸುಳ್ಳಾಡಬ್ಯಾಡ, ಮಗೀನ ಎತ್ಕೊಂಡು ಈಚೆಗ್ ಬಾ. ಜ್ವರ ಬಂದ್ರೆ ನಾನೇ ಬಂದು ಕೂರ್ತೀನಿ."

ಹದಿನಾಲ್ಕು ವರ್ಷದಲ್ಲಿ ನನ್ನ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಬಾಯಿ ಜೋರಿನವಳು ನಾನು, ಆವತ್ತು ಗೋಡೆಗೆ ಒರಗಿ ಸುಮ್ಮನೆ ನಿಂತುಬಿಟ್ಟೆ. ಜವರಮ್ಮನ ಮನೆಯ ಚಿಲಕ ತೆಗೆದ ಸದ್ದಾಯಿತು.