ಕಾರಣದ ಕಾಲಂ

ಗುಬ್ಬಿ ಆ ಎರಡು ಸಾಲಿಗೆ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದು ಪುಟವನ್ನು ಸಂಪಾದಕರ ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಹಣೆಗೇರಿಸಿ ನೋಡಿದರು. ಆಮೇಲೆ ತಮ್ಮ ಪೆನ್ನು ತೆಗೆದು ಆ ಸಾಲುಗಳ ಕೆಳಗೆ ಚುಕ್ಕಿ ಇಡುತ್ತ ಹೋದರು. ಆ ಕಚೇರಿಯಲ್ಲಿ ಕೆಳಗೆ ಚುಕ್ಕಿ ಬಿತ್ತೆಂದರೆ, ಗೆರೆ ಹೊಡೆದದ್ದು ಹೊಡೆದಿಲ್ಲ, ಸಾಲು ಉಳಿಯಲಿ ಎಂದರ್ಥ.

"ಸರ್, ಅದು ನಾನೇ ಹುಟ್ಟಿಸಿದ್ದು."

"ಹುಟ್ಟಿ ಮೂರು ವರ್ಷ ಆಯ್ತಲ್ಲಮ್ಮ. ಈಗ ಓಡಾಡ್ತಾ ಇದೆ."

ಐದನೆಯ ತರಗತಿಯ ಪುಸ್ತಕ, ಒಂಬತ್ತನೆಯ ಪಾಠ: ಹಬ್ಬಗಳು ಮತ್ತು ಆಚರಣೆಗಳು. ಪಾಠದ ಕೊನೆಗೆ ಒಂದು ಪಟ್ಟಿ. ಆಚರಣೆ, ಮಾಡುವ ರೀತಿ, ಕಾರಣ ಎಂದು ಮೂರು ಕಾಲಂ. ಮೂರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಗುಬ್ಬಿ ಮನೆ ಮನೆ ಸುತ್ತಿ ಅದನ್ನು ತುಂಬಿಸಿದ್ದಳು. ಮೊದಲ ಎರಡು ಕಾಲಂ ಒಂದೇ ಉಸಿರಿಗೆ ತುಂಬಿದವು. ಮೂರನೆಯದು ಪ್ರಾಣ ತಿಂದಿತು. ಯಾರನ್ನು ಕೇಳಿದರೂ ನಮ್ಮ ಅತ್ತೆ ಹೀಗೇ ಮಾಡುತ್ತಿದ್ದರು ಎನ್ನುವುದೇ ಕಾರಣ. ಆ ಅತ್ತೆಯನ್ನೇ ಕೇಳೋಣವೆಂದರೆ ಅವರು ಬದುಕಿರುತ್ತಿರಲಿಲ್ಲ. ಸಂಪಾದಕರದೋ ಒಂದೇ ಕಟ್ಟಳೆ: ಮಕ್ಕಳ ಪುಸ್ತಕದ ಪಟ್ಟಿಯಲ್ಲಿ ಖಾಲಿ ಮನೆ ಇರಕೂಡದು, ಅಚ್ಚಿನ ತಪ್ಪೆಂದು ಮೇಷ್ಟ್ರುಗಳು ಪತ್ರ ಬರೆಯುತ್ತಾರೆ. ಹೇಗೋ ನಾಲ್ಕು ಆಚರಣೆಗೆ ಕಾರಣ ಸಿಕ್ಕಿತು. ಐದನೆಯದು ದೊಡ್ಡಮ್ಮನದು.

ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಗುಬ್ಬಿಯನ್ನು ಸಾಕಿದವಳೇ ದೊಡ್ಡಮ್ಮ. ಗುಬ್ಬಿ ಎಂಬ ಹೆಸರಿಟ್ಟವಳೂ ಅವಳೇ. ಹಬ್ಬದ ಹಿಂದಿನ ದಿನ ದೊಡ್ಡಮ್ಮ ಮನೆಯ ಅಷ್ಟೂ ಕಿಟಕಿಗಳ ಗಾಜನ್ನು ಫಳಫಳ ಹೊಳೆಯುವಂತೆ ತೊಳೆಯುವಳು. ಮೆಟ್ಟಿಲ ತಿರುವಿನ ಕಿಟಕಿಯ ಮೂಲೆಯಲ್ಲಿ ಒಂದೇ ಒಂದು ಗಾಜನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಯಾಕೆ ದೊಡ್ಡಮ್ಮ ಎಂದರೆ, "ಹಾಗೇ" ಎನ್ನುವಳು. ನಗು ತಡೆದುಕೊಂಡವರ ಹಾಗೆ ತುಟಿ ಬಿಗಿಯುವಳು.

ಹಾಗೇ ಎಂದು ಪುಸ್ತಕದಲ್ಲಿ ಬರೆಯಲಾಗುವುದಿಲ್ಲ. ಪುಟ ಅಚ್ಚಿಗೆ ಹೋಗುವ ಗಡಿಬಿಡಿಯಲ್ಲಿ ಗುಬ್ಬಿ ಬರೆದಳು: 'ಗತಿಸಿದ ಹಿರಿಯರ ಮುಂದೆ ನಮ್ಮ ಕೆಲಸ ಎಂದಿಗೂ ಪೂರ್ಣವಲ್ಲ ಎಂಬ ವಿನಯದ ಗುರುತಾಗಿ ಒಂದು ಗಾಜನ್ನು ತೊಳೆಯದೆ ಬಿಡುತ್ತಾರೆ.' ಅಳೆದಿಟ್ಟಂತೆ ಎರಡು ಸಾಲಿಗೆ ಕೂತಿತು. ಅವತ್ತು ಅವಳಿಗೆ ತನ್ನ ಬಗ್ಗೆ ಹೆಮ್ಮೆಯೇ ಆಗಿತ್ತು, ಸುಳ್ಳು ಯಾಕೆ ಹೇಳಬೇಕು.

ಈ ವರ್ಷ ದೊಡ್ಡಮ್ಮನ ಮೊಮ್ಮಗಳು ಐದನೆಯ ತರಗತಿಗೆ ಬಂದಳು. ಊಟಕ್ಕೆ ಕೂತಾಗ ಒಂಬತ್ತನೆಯ ಪಾಠವನ್ನು ಗಟ್ಟಿಯಾಗಿ ಓದಿದಳು. ದೊಡ್ಡಮ್ಮ ಅರ್ಧ ಊಟಕ್ಕೇ ಕೈ ತೊಳೆದು ಎದ್ದಳಂತೆ. ಅಂದಿನಿಂದ ಗುಬ್ಬಿ ಫೋನ್ ಮಾಡಿದಾಗಲೆಲ್ಲ ಸೊಸೆಯೇ ಎತ್ತಿ, ಅತ್ತೆ ಸ್ನಾನಕ್ಕೆ ಹೋಗಿದ್ದಾರೆ ಎನ್ನುತ್ತಿದ್ದಳು. ಇಪ್ಪತ್ತು ದಿನದಿಂದ ದೊಡ್ಡಮ್ಮ ಬಚ್ಚಲುಮನೆಯಲ್ಲೇ ಇದ್ದಳು. ಕೊನೆಗೆ ಮೊಮ್ಮಗಳ ಬಾಯಲ್ಲಿ ಒಂದು ಸಂದೇಶ ಬಂತು: ಆ ಸುಳ್ಳನ್ನು ಮೊದಲು ತೆಗೆಸು, ಆಮೇಲೆ ಈ ಮನೆಗೆ ಬಾ.

ಸಂಪಾದಕರು ಗೋಡೆಯ ಗಡಿಯಾರ ತೋರಿಸಿದರು. ನಾಲ್ಕು ಗಂಟೆಗೆ ಮರುಮುದ್ರಣಕ್ಕೆ ಹೋಗಬೇಕು. ನಿಜವಾದ ಕಾರಣವನ್ನು ಎರಡೇ ಸಾಲಿನಲ್ಲಿ ತಂದುಕೊಟ್ಟರೆ ಹಾಕುತ್ತೇನೆ, ಇಲ್ಲದಿದ್ದರೆ ಇದ್ದದ್ದೇ ಇರುತ್ತದೆ ಎಂದರು. ಗುಬ್ಬಿ ಪುಟವನ್ನು ಮಡಚಿ ಚೀಲಕ್ಕೆ ತುರುಕಿ ದೊಡ್ಡಮ್ಮನ ಮನೆಗೆ ಬಸ್ಸು ಹತ್ತಿದಳು.

ಬಾಗಿಲು ತೆಗೆದ ಸೊಸೆಯ ಮುಖ ಇಳಿದುಹೋಗಿತ್ತು. ನಾಳೆ ಹಬ್ಬ, ಅತ್ತೆ ಈ ಸಲ ಒಂದು ಗಾಜನ್ನೂ ಬಿಡದೆ ತೊಳೆಯುತ್ತಾರಂತೆ ಎಂದು ಪಿಸುಗುಟ್ಟಿದಳು. "ನೀವಾದರೂ ಹೇಳಿ. ಪುಸ್ತಕದಲ್ಲೇ ಇದೆ, ಒಂದು ಬಿಡಬೇಕು ಅಂತ. ಬಿಡದಿದ್ದರೆ ಒಳ್ಳೇದಾಗತ್ತಾ?"

ಗುಬ್ಬಿ ಚಪ್ಪಲಿ ಕಳಚಿ ಒಳಗೆ ಬಂದಳು. ಮೆಟ್ಟಿಲ ಕೆಳಗೆ ಮೊಮ್ಮಗಳು ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದು ಕೂತಿದ್ದಳು. ಶಾಲೆಯಲ್ಲಿ ಕೊಟ್ಟ ಮನೆಗೆಲಸ: ತೊಳೆಯದ ಗಾಜಿನ ಚಿತ್ರ ಬರೆದು ಕೆಳಗೆ ಕಾರಣ ಬರೆಯಬೇಕು. ಐದು ಮಾರ್ಕು.

ತಿರುವಿನಲ್ಲಿ ದೊಡ್ಡಮ್ಮ ಸ್ಟೂಲಿನ ಮೇಲೆ ನಿಂತಿದ್ದಳು. ಪಕ್ಕದಲ್ಲಿ ಬಕೆಟ್ಟು, ಕೈಯಲ್ಲಿ ಒದ್ದೆ ಬಟ್ಟೆ. ಮೂಲೆಯ ಗಾಜೊಂದೇ ಉಳಿದಿತ್ತು.

"ತೆಗೆಸಿದೆಯಾ?"

"ಇನ್ನೂ ಇಲ್ಲ, ದೊಡ್ಡಮ್ಮ. ನಿಜವಾದ ಕಾರಣ ಬೇಕಂತೆ."

"ವಿನಯ ಅಂತೆ, ವಿನಯ," ಎಂದು ದೊಡ್ಡಮ್ಮ ಗಾಜಿಗೆ ಹೇಳಿದಳು.

ಆಮೇಲೆ, ಕೆಳಗಿಳಿಯದೆ, ಅಲ್ಲಿಂದಲೇ ಎಲ್ಲ ಹೇಳಿದಳು. ಮದುವೆಯಾಗಿ ಈ ಮನೆಗೆ ಬಂದ ಮೊದಲ ವರ್ಷ. ನಲವತ್ತೆರಡು ಗಾಜು. ಅತ್ತೆ ಹಿಂದಿನಿಂದ ಬಂದು ಒಂದೊಂದರ ಮೇಲೂ ಬೆರಳಾಡಿಸಿ ನೋಡುತ್ತಿದ್ದರು. ನಲವತ್ತೊಂದು ಮುಗಿಯುವ ಹೊತ್ತಿಗೆ ರಟ್ಟೆ ಬಿದ್ದುಹೋಗಿತ್ತು. ಕೆಳಗಿನಿಂದ ಅತ್ತೆ, ಮುಗಿಯಿತಾ ಎಂದು ಕೂಗಿದರು. ಮುಗಿಯಿತು ಎಂದಳು. ಅತ್ತೆ ಹತ್ತಿ ಬಂದರು, ಮೂಲೆ ಕತ್ತಲಾಗಿತ್ತು, ಬೆರಳು ಅಲ್ಲಿಗೆ ಹೋಗಲಿಲ್ಲ. ಅವರು ಇಳಿದುಹೋದ ಮೇಲೆ ದೊಡ್ಡಮ್ಮ ಇದೇ ಮೆಟ್ಟಿಲ ಮೇಲೆ ಕೂತು, ಒದ್ದೆ ಬಟ್ಟೆಯನ್ನೇ ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಮರುವರ್ಷ ರಟ್ಟೆ ಚೆನ್ನಾಗಿಯೇ ಇತ್ತು. ಆದರೂ ಬಿಟ್ಟಳು. ಅತ್ತೆ ಹೋಗಿ ಹನ್ನೊಂದು ವರ್ಷವಾದ ಮೇಲೂ ಬಿಡುತ್ತಲೇ ಬಂದಳು.

"ಈ ಮನೇಲಿ ನನ್ನಿಷ್ಟ ಅಂತ ನಡೆದದ್ದು ಅದೊಂದೇ ಕಣೇ. ಮೂವತ್ತೆಂಟು ವರ್ಷ ಯಾರಿಗೂ ಗೊತ್ತಾಗದ ಹಾಗೆ ಸಾಕಿದ ಹಟ. ನೀನು ಅದನ್ನ ಎತ್ತಿಕೊಂಡು ಹೋಗಿ ಅವರ ಪಾದಕ್ಕೇ ಹಾಕಿದೆ."

ಗುಬ್ಬಿ ಮನಸ್ಸಿನಲ್ಲೇ ಅಕ್ಷರ ಎಣಿಸುತ್ತಿದ್ದಳು. ಅತ್ತೆಯ ತಪಾಸಣೆಗೆ ಬೇಸತ್ತ ಸೊಸೆಯೊಬ್ಬಳು ಹಟಕ್ಕೆ ಬಿಟ್ಟ ಗಾಜು: ಒಂದೂವರೆ ಸಾಲು, ಸರಿಯಾಗಿ ಕೂರುತ್ತದೆ. ಎಣಿಸಿದ್ದು ಅರಿವಿಗೆ ಬಂದು ಕಿವಿ ಬಿಸಿಯಾಯಿತು. ಆದರೂ ಕೇಳಿದಳು, ಇದನ್ನೇ ಬರೆಯಲೇ ಎಂದು.

"ಬರಿ, ಯಾಕೆ ಬರೀಬಾರದು. ಸೊಸೆಯಂದಿರು ಹಟ ಯಾಕೆ ಮಾಡಬೇಕು, ಐದು ವಾಕ್ಯದಲ್ಲಿ ವಿವರಿಸಿ ಅಂತ ಪರೀಕ್ಷೆಗೂ ಕೊಡಿ." ದೊಡ್ಡಮ್ಮ ಸ್ಟೂಲಿನಿಂದ ಇಳಿದಳು. ಕೆಳಗೆ ಸೊಸೆ ಬಾಗಿಲಿಗೊರಗಿ, ಆ ಒಂದು ಗಾಜು ಉಳಿಯಲಿ ಎಂದು ಕಣ್ಣಲ್ಲೇ ಬೇಡುತ್ತಿದ್ದಳು. "ನೋಡು, ಅವಳೂ ಬಿಡಿ ಅಂತಾಳೆ. ಬಿಡಲೇಬೇಕು ಅಂತಾದ ಮೇಲೆ ಬಿಡೋದ್ರಲ್ಲಿ ಏನಿದೆ ಮಣ್ಣು?"

ಬಟ್ಟೆಯನ್ನು ಹಿಂಡಿ, ಕೊಡವಿ, ಗುಬ್ಬಿಯ ಮುಂದೆ ಚಾಚಿದಳು. ದನಿ ಮೆತ್ತಗಾಗಿತ್ತು.

"ತಗೋ. ನೀನು ಮಾಡಿದ್ದನ್ನ ನೀನೇ ಒರೆಸು. ಅಲ್ಲಿಗೆ ಮುಗೀತು, ನಿನ್ನ ಮೇಲೆ ನಂಗೇನೂ ಕೋಪ ಇಲ್ಲ. ಊಟ ಮಾಡ್ಕೊಂಡು ಹೋಗು."

ಬಟ್ಟೆಯ ತುದಿಯಿಂದ ನೀರು ಮೆಟ್ಟಿಲ ಮೇಲೆ ತೊಟ್ಟಿಕ್ಕಿತು. ಗುಬ್ಬಿ ಮೂಲೆಯ ಗಾಜನ್ನು ನೋಡಿದಳು. ವರ್ಷಗಳ ಧೂಳು ಕಟ್ಟಿ ಅದು ಚಹಾದ ಬಣ್ಣಕ್ಕೆ ತಿರುಗಿತ್ತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಒರೆಸಲ್ಲ."

ದೊಡ್ಡಮ್ಮನ ಕೈ ಚಾಚಿದಂತೆಯೇ ಇತ್ತು. ಕೆಳಗೆ ಮೊಮ್ಮಗಳು ಪೆನ್ಸಿಲ್ಲನ್ನು ನೋಟ್‌ಬುಕ್ಕಿನ ಮೇಲಿಟ್ಟು ಕತ್ತೆತ್ತಿದಳು.

"ಯಾಕೆ, ಗುಬ್ಬತ್ತೆ?"

"ಹಾಗೇ," ಎಂದಳು ಗುಬ್ಬಿ, ದೊಡ್ಡಮ್ಮನಂತೆಯೇ ತುಟಿ ಬಿಗಿದು. "ಒರೆಸಲ್ಲ."