ಬಟಾಣಿಯ ಮೂರು ಪ್ರತಿಗಳು

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಯಾವುದನ್ನೂ ಸುಮ್ಮನೆ ನಂಬುವ ಜಾತಿಯಲ್ಲ. ಮನೆಗೆ ಬೀಗ ಹಾಕಿದರೆ ಮೂರು ಸಲ ಜಗ್ಗುತ್ತಾರೆ, ಬೀದಿಯ ತುದಿಗೆ ಹೋದವರು ವಾಪಸ್ ಬಂದು ನಾಲ್ಕನೇ ಸಲ ಜಗ್ಗುತ್ತಾರೆ. "ಬೀಗ ಕಿತ್ತು ಕೈಗೆ ಬರೋವರೆಗೂ ಬಿಡಲ್ಲ ನೀವು" ಎಂದು ನಾನು ರೇಗುತ್ತಿದ್ದೆ. ಇಂಥವರ ಕೈಯಲ್ಲೇ ಹೀಗಾಗಬೇಕಿತ್ತೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ.

ನಮ್ಮ ಮಗಳು ಹೋಗಿ ನಾಲ್ಕು ವರ್ಷವಾಯಿತು. ಆಗ ಅವಳಿಗೆ ಆರು. ಜ್ವರವೆಂದು ಆಸ್ಪತ್ರೆಗೆ ಎತ್ತಿಕೊಂಡು ಹೋದೆವು, ಐದನೇ ದಿನ ಬರಿಗೈಯಲ್ಲಿ ಬಂದೆವು. ಅದಕ್ಕಿಂತ ಹೆಚ್ಚು ಹೇಳಲು ನನ್ನಿಂದಾಗದು. ಮನೆಯಲ್ಲಿ ಅವಳ ಹೆಸರು ಬಟಾಣಿ. ಬಾಣಲೆಗೆ ಬಿದ್ದ ಬಟಾಣಿಯ ಹಾಗೆ ಹೊತ್ತು ಮೂಡಿದಾಗಿನಿಂದ ಪಟಪಟ ಮಾತು.

ಅವಳ ತೊಂಬತ್ತೊಂದು ವಿಡಿಯೊಗಳಿದ್ದವು. ತೆಗೆದ ಫೋನು ಯಾವತ್ತೋ ಕೆಟ್ಟು ಗುಜರಿ ಸೇರಿತ್ತು. ಅದಕ್ಕೆ ಮೊದಲೇ ಇವರು ಎಲ್ಲವನ್ನೂ ಮನೆಯ ಕಂಪ್ಯೂಟರಿಗೆ ಹಾಕಿಟ್ಟಿದ್ದರು. ಅವಳು ಹೋದ ಮೇಲೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಮೂರು ಪೆನ್‌ಡ್ರೈವ್ ತಂದರು. ಒಂದು ನಮ್ಮ ಬೀರುವಿನಲ್ಲಿ, ಒಂದು ನನ್ನ ತಮ್ಮನ ಮನೆಯಲ್ಲಿ, ಒಂದು ಇವರ ವರ್ಕ್‌ಶಾಪಿನ ಲಾಕರಿನಲ್ಲಿ. "ಒಂದು ಮನೆಗೆ ಬೆಂಕಿ ಬಿದ್ರೂ ಎರಡು ಉಳಿಯುತ್ತೆ ಕಣೇ" ಎಂದರು.

ಪ್ರತಿ ವರ್ಷ ಅವಳ ಹುಟ್ಟಿದ ದಿನ ಮೂರನ್ನೂ ತರಿಸಿ, ಒಂದೊಂದಾಗಿ ಅದೇ ಕಂಪ್ಯೂಟರಿಗೆ ಸಿಕ್ಕಿಸಿ, ಎಲ್ಲವೂ ತೆರೆಯುತ್ತದೆಯೇ ಎಂದು ನೋಡುತ್ತಿದ್ದರು. ನೋಡಿ, ಲಿಫ್ಟಿನೊಳಗೆ ತಪಾಸಣೆಯ ಕಾರ್ಡಿರುತ್ತದಲ್ಲ, ಅಂಥದೇ ಒಂದು ಕಾರ್ಡಿನಲ್ಲಿ ತಾರೀಕು ಬರೆದು ಸಹಿ ಹಾಕುತ್ತಿದ್ದರು. ಆ ಹೊತ್ತಿಗೆ ನಾನು ಪಕ್ಕದ ಕೋಣೆಯಲ್ಲಿ ಹೊಲಿಗೆ ಮಷಿನ್ ತುಳಿಯುತ್ತಿದ್ದೆ. ಬಟ್ಟೆ ಇಲ್ಲದಿದ್ದರೂ ತುಳಿಯುತ್ತಿದ್ದೆ. ಅವಳ ದನಿ ಕಿವಿಗೆ ಬಿದ್ದರೆ ಎದೆ ಒಡೆದುಹೋಗುತ್ತದೆಂಬ ಭಯ. ನಾಲ್ಕು ವರ್ಷದಲ್ಲಿ ಒಂದನ್ನೂ ನೋಡಲಿಲ್ಲ.

ಆ ಕಂಪ್ಯೂಟರನ್ನು ಮನೆಯಿಂದ ಸಾಗಹಾಕಿಸಿದವಳು ನಾನೇ. ಧೂಳು ಹಿಡಿದ ಡಬ್ಬ, ಗಿರಣಿಯ ಹಾಗೆ ಸದ್ದು. ಹೊಲಿಗೆ ಕೆಲಸ ಹೆಚ್ಚಾಗಿ ಕತ್ತರಿಸುವ ಮೇಜಿಗೆ ಜಾಗ ಬೇಕಿತ್ತು. "ಮೂರು ಕಾಪಿ ಇಟ್ಕೊಂಡು ಈ ಹಳೇ ಡಬ್ಬ ಯಾಕ್ರೀ?" ಎಂದೆ. ಇವರು ಮತ್ತೊಮ್ಮೆ ಮೂರನ್ನೂ ಸಿಕ್ಕಿಸಿ ನೋಡಿದರು. ತೊಂಬತ್ತೊಂದೂ ಇದ್ದವು. ಆಮೇಲೆ ಅದನ್ನು ಗುಜರಿಗೆ ಕೊಟ್ಟರು. ಒಳಗಿನದನ್ನು ಪೂರ್ತಿ ಅಳಿಸಿಯೇ ಕೊಟ್ಟರು. ಮಗಳ ಮುಖ ಕಂಡಕಂಡವರ ಕೈಗೆ ಸಿಗಬಾರದಲ್ಲ.

ಕಳೆದ ತಿಂಗಳು ಒಂದು ಮಧ್ಯಾಹ್ನ, ಫ್ರಾಕಿಗೆ ತೋಳು ಹಚ್ಚುತ್ತಿದ್ದಾಗ, ಅವಳು "ಅಮ್ಮಾ" ಎನ್ನುತ್ತಿದ್ದ ದನಿಯನ್ನು ನೆನೆಯಲು ಹೋದೆ. ಮುಖ ಬಂತು, ದನಿ ಬರಲಿಲ್ಲ. ಎಷ್ಟು ಹೆಣಗಿದರೂ ಬರಲಿಲ್ಲ. ಹೆದರಿ, ತೋಳನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಸಂಜೆ ಇವರು ಬಂದ ಕೂಡಲೇ, "ರೀ, ನನಗೆ ಅವಳನ್ನ ತೋರಿಸಿ" ಎಂದೆ. ಇವರು ನನ್ನ ತಲೆ ಸವರಿದರು.

ಭಾನುವಾರ ಬೆಳಿಗ್ಗೆ ತಮ್ಮ ತನ್ನ ಲ್ಯಾಪ್‌ಟಾಪ್ ತಂದ. ಮೂರು ಪೆನ್‌ಡ್ರೈವನ್ನೂ ಇಟ್ಟುಕೊಂಡು ಮೂವರೂ ಕತ್ತರಿಸುವ ಮೇಜಿನ ಮುಂದೆ ಕೂತೆವು. ಪೆನ್‌ಡ್ರೈವಿನಲ್ಲಿ 'ಬಟಾಣಿ' ಎಂಬ ಹೆಸರಿತ್ತು. ಒತ್ತಿದರೆ ತೆರೆಯಲಿಲ್ಲ. ಎರಡನೆಯದೂ ಅಷ್ಟೇ. ಮೂರನೆಯದನ್ನು ಇವರೇ ಮೂರು ಸಲ ಕಿತ್ತು ಸಿಕ್ಕಿಸಿದರು; ಅದೂ ತೆರೆಯಲಿಲ್ಲ.

ತಮ್ಮ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡು ಏನೇನೋ ಒತ್ತಿ ನೋಡಿದ. ಆಮೇಲೆ, "ಭಾವ, ಕಾಪಿ ಮಾಡುವಾಗ ಯಾವುದನ್ನ ತಗೊಂಡ್ರಿ?" ಎಂದ.

"ಪರದೆ ಮೇಲೆ ಬಟಾಣಿ ಅಂತ ಇತ್ತಲ್ಲಪ್ಪ, ಅದನ್ನೇ. ಯಾವಾಗ್ಲೂ ಅದನ್ನೇ ಒತ್ತಿ ನೋಡ್ತಿದ್ದದ್ದು."

"ಅದು ಬರೀ ಶಾರ್ಟ್‌ಕಟ್ಟು, ಭಾವ. ವಿಡಿಯೊ ಅಲ್ಲ. ವಿಡಿಯೊ ಎಲ್ಲಿದೆ ಅಂತ ತೋರಿಸೋ ಚೀಟಿ ಥರ."

"ಪ್ರತಿ ವರ್ಷ ತೆರೀತಿತ್ತಲ್ಲಪ್ಪ? ನಾನೇ ಕೂತು ನೋಡಿದೀನಿ."

"ಅದೇ ಕಂಪ್ಯೂಟರಲ್ಲಿ ನೋಡಿದ್ರಿ. ವಿಡಿಯೊ ಅದರೊಳಗೇ ಇತ್ತಲ್ಲ, ಚೀಟಿ ಅಲ್ಲಿಗೇ ಕರ್ಕೊಂಡು ಹೋಗ್ತಿತ್ತು."

ಅಳಿಸಿದ್ದನ್ನೂ ಒಮ್ಮೊಮ್ಮೆ ವಾಪಸ್ ತೆಗೆಯಬಹುದೆಂದು, ಕಂಪ್ಯೂಟರ್ ಹುಡುಕಿಕೊಂಡು ತಮ್ಮ ಆಗಲೇ ಗುಜರಿಯವನ ಬಳಿ ಓಡಿದ. ಅದನ್ನು ಬಿಚ್ಚಿ ಪುಡಿಮಾಡಿ ಕಳಿಸಿ ವಾರ ಕಳೆದಿತ್ತು.

ಮಧ್ಯಾಹ್ನದವರೆಗೂ ಇವರು ಕುರ್ಚಿಯಿಂದ ಏಳಲಿಲ್ಲ. ಬಾಯಿಗೆ ಬಂದಂತೆ ಬೈಯಬೇಕೆನಿಸಿತು ನನಗೆ. ಯಾವ ಮುಖ ಇಟ್ಟುಕೊಂಡು ಬೈಯಲಿ? ಡಬ್ಬ ಸಾಗಹಾಕಿ ಎಂದವಳು ನಾನು. ದನಿ ಪಕ್ಕದ ಕೋಣೆಯಲ್ಲೇ ಇದ್ದಾಗ ಮಷಿನ್ ತುಳಿದವಳೂ ನಾನೇ. ಇವರು ಅದನ್ನು ಎತ್ತಿ ಆಡಲಿಲ್ಲ. ಒಂದು ಮಾತು ಆಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕೊನೆಗೆ ಇವರೇ ಬಾಯಿಬಿಟ್ಟರು. "ನಾನು ಎಲ್ಲಾ ನೋಡಿದೀನಿ. ಒಂದೂ ಮರೆತಿಲ್ಲ. ಹೇಳ್ತೀನಿ, ಕೇಳು."

ನಾನು ಪಕ್ಕದಲ್ಲಿ ಕೂತೆ. ಮೊದಲನೆಯ ವಿಡಿಯೊದಲ್ಲಿ ಅವಳು ಇವರ ಸ್ಪ್ಯಾನರ್ ಹಿಡಿದು ಅಡುಗೆಮನೆಯ ಬಾಗಿಲು ರಿಪೇರಿ ಮಾಡುತ್ತಾಳಂತೆ. ಎರಡನೆಯದರಲ್ಲಿ ಲಿಫ್ಟಿನ ಗೋಡೆಗೆ ಕಿವಿ ಹಚ್ಚಿ ಏನೋ ಕೇಳುತ್ತಾಳಂತೆ. ಏನೆಂದು ತೋರಿಸಲು, ಐವತ್ತು ದಾಟಿದ ಆ ಗಡಸು ಗಂಟಲನ್ನು ಸಣ್ಣ ಮಾಡಿಕೊಂಡು, "ಅಪ್ಪಾ, ಲಿಫ್ಟಿಗೂ ಸುಸ್ತಾಗುತ್ತಾ?" ಎಂದರು.

ಎಂದವರು ನನ್ನ ಮುಖವನ್ನೇ ನೋಡಿದರು. "ಹೀಗೇ ಅಲ್ವಾ ಕಣೇ, ಅವಳ ದನಿ?"

"ಹೂಂ ರೀ, ಥೇಟ್ ಹೀಗೇ" ಎಂದೆ.

ಇವರು ಕಣ್ಣೊರೆಸಿಕೊಂಡು ಮೂರನೆಯದಕ್ಕೆ ಹೋದರು. ಅವಳ ದನಿ ಹಾಗಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ.