ಅಮೀನರ ಮನೆ ಆಮೆ

ಹೊಸಮನೆ ಒಕ್ಕಲಿಗೆ ಇನ್ನು ಒಂದು ತಿಂಗಳೂ ಇಲ್ಲ, ಈ ಮಹಾನುಭಾವ ಮನೆಗೆ ಆಮೆ ತಂದ. ಒಂದಲ್ಲ, ಎರಡು. ಬಕೆಟ್ಟನ್ನು ಬಾಗಿಲಲ್ಲಿ ಇಟ್ಟು, ಸಂತೆಯಿಂದ ಸೊಪ್ಪು ತಂದವನ ಹಾಗೆ, "ಸುನಂದಾ, ಇವಕ್ಕೊಂಚೂರು ನೀರು ಹಾಕು" ಅಂದು ಚಪ್ಪಲಿ ಬಿಚ್ಚಿದ. ಸುನಂದಮ್ಮ ಬಗ್ಗಿ ನೋಡಿದಳು. ಎದೆ ಧಸಕ್ಕಂತು.

"ರೀ, ನಿಮ್ಗೇನು ತಲೆ ನೆಟ್ಟಗೈತಾ?"

ಅವಳ ಗಾಬರಿ ಸುಮ್ಮನೆ ಬಂದದ್ದಲ್ಲ. ಗಂಡ ಶಿವನಂಜಪ್ಪ ಪಿರಿಯಾಪಟ್ಟಣದ ಕೋರ್ಟಿನಲ್ಲಿ ಅಮೀನ. ಜಡ್ಜ್ ಸಾಹೇಬರ ಹುಕುಂ ಹಿಡಿದು ಹೋಗಿ ಯಾರದೋ ಮನೆ, ಯಾರದೋ ಅಂಗಡಿ ಖಾಲಿ ಮಾಡಿಸಿ ಬೀಗ ಹಾಕುವ ಕೆಲಸ. ಹುಕುಂ ಕೊಟ್ಟವರಿಗೆ ಜನ ಕೈ ಮುಗೀತಾರೆ, ಬೀಗ ಹಾಕಿದವನಿಗೆ ಮಣ್ಣು ತೂರ್ತಾರೆ. 'ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಉದ್ಧಾರ ಆಗಲ್ಲ' ಅಂತ ಯಾವ ಪುಣ್ಯಾತ್ಮ ಗಾದೆ ಕಟ್ಟಿದನೋ, ಅವನ ನಾಲಿಗೆ ಸೇದಿಹೋಗ! ಮದುವೆಯಾದ ದಿನದಿಂದ ಸುನಂದಮ್ಮ ಆ ಗಾದೆಯ ಎರಡನೇ ಅರ್ಧದ ಜೊತೆ ಬಾಳುವೆ ಮಾಡಿದ್ದಳು. ಬಾಡಿಗೆ ಮನೆ ಕೇಳಲು ಹೋದರೆ, ಅಮೀನ ಅಂದ ಕೂಡಲೇ ಮನೆಯವರಿಗೆ ಎಲ್ಲಿಲ್ಲದ ನೆಂಟರು ಬರುತ್ತಿದ್ದರು. ಮದುವೆಮನೆಯಲ್ಲಿ ಇವಳ ಎಲೆ ಕೊನೇ ಪಂಕ್ತಿಯ ಮೂಲೆಗೆ. ಅವಳಿಗಿದ್ದದ್ದು ಒಂದೇ ಆಸೆ. ಸ್ವಂತ ಮನೆಯಾಗಬೇಕು, ಒಕ್ಕಲಿನ ದಿನ ಊರವರೆಲ್ಲ ತನ್ನ ಹೊಸ್ತಿಲು ದಾಟಿ ಒಳಗೆ ಕೂತು ಉಣ್ಣಬೇಕು. ಈಗ ನೋಡಿದರೆ ಈ ಮನುಷ್ಯ ಗಾದೆಯ ಮೊದಲನೇ ಅರ್ಧವನ್ನೂ ಬಕೆಟ್ಟಲ್ಲಿ ಹೊತ್ತು ತಂದಿದ್ದ.

"ಕೊಪ್ಪದ ರಸ್ತೇಲಿ ಒಂದು ಹೋಟ್ಲು ಖಾಲಿ ಮಾಡಿಸ್ದೆ" ಅಂದ ಶಿವನಂಜಪ್ಪ. "ಬಾಡಿಗೆಯೋನು ಕುರ್ಚಿ, ಟೇಬಲ್ಲು, ಕೊನೆಗೆ ಬಲ್ಬನ್ನೂ ಬಿಚ್ಕೊಂಡು ಹೋದ. ಮುಂದುಗಡೆ ತೊಟ್ಟೀಲಿ ಇವು ಹಂಗೇ ಇದ್ವು. ಮಾಲೀಕ, 'ಆಮೆ ಇರೋ ಜಾಗ ನಂಗೆ ಬೇಡ, ಎತ್ಕೊಂಡು ಹೋಗಿ' ಅಂದ. ಬೀಗ ಹಾಕೋನು ನಾನು. ಒಳಗೆ ಜೀವ ಇಟ್ಟು ಹೆಂಗೆ ಹಾಕ್ಲಿ?"

ಗಿರಾಕಿಗಳು ನೋಡಿ ನಗಲಿ ಅಂತ ಹೋಟೆಲಿನವನು ಇವನ್ನು ಸಾಕಿದ್ದನಂತೆ. ದೊಡ್ಡದರ ಚಿಪ್ಪಿನ ಮೇಲೆ ಕೆಂಪು ಪೇಂಟಿನಲ್ಲಿ 'ಸುಸ್ವಾಗತ', ಚಿಕ್ಕದರ ಮೇಲೆ 'ಮತ್ತೆ ಬನ್ನಿ'. ತಿಂದು ಬೆಳೆದದ್ದು ಬೋಂಡದ ಚೂರು, ಕಡ್ಲೆಪುರಿ. ಚಿಕ್ಕದರ ಕಣ್ಣು ಊದಿ ಮುಚ್ಚಿಹೋಗಿತ್ತು.

"ನಾಳೆ ಬೆಳಗಾಗೋದ್ರೊಳಗೆ ಇವು ಕೆರೆ ಸೇರ್ಬೇಕು" ಅಂದಳು ಸುನಂದಮ್ಮ.

ಸೇರಲಿಲ್ಲ. ದನದ ಆಸ್ಪತ್ರೆಯ ಡಾಕ್ಟರು, "ಅಮೀನ್ರೇ, ಈಗ ಕೆರೆಗೆ ಬಿಟ್ರೆ ಸಾಯ್ತವೆ. ಇವಕ್ಕೆ ಹುಡುಕಿ ತಿನ್ನೋದೇ ಗೊತ್ತಿಲ್ಲ. ಬಣ್ಣ ಬಿಡಿಸಿ, ಬಿಸಿಲು ಕಾಯಿಸಿ, ಸೊಪ್ಪು, ಸಣ್ಣ ಮೀನು ಕೊಡಿ. ಚೇತರಿಸ್ಕೊಂಡ ಮೇಲೆ ನೋಡೋಣ" ಅಂದರಂತೆ. ಮೀನು! ಮೊಟ್ಟೆ ತಂದ ಚೀಲವನ್ನೂ ಒಳಗೆ ಬಿಡದ ಲಿಂಗಾಯತರ ಮನೆಗೆ ಮೀನು! ದೇವರಿಗೆ ಕಣ್ಣಿದೆಯಾ ಅಂತ ಸುನಂದಮ್ಮ ಹಣೆ ಚಚ್ಚಿಕೊಂಡಳು.

ಸೊಪ್ಪು ಹಾಕಿದಳು, ಮೂಸಲಿಲ್ಲ. ಸೌತೆಕಾಯಿ ಹಾಕಿದಳು, ಮುಖ ತಿರುಗಿಸಿದವು. ಕಡೆಗೆ ಅವರಿದ್ದ ಬಾಡಿಗೆ ವಠಾರದ ಪಕ್ಕದ ಮನೆ ಅಕ್ತರುನ್ನೀಸಾ, ಬಡಗಿ ಲತೀಫನ ಹೆಂಡತಿ, ದಿನಾ ಒಂದು ಹಿಡಿ ಸಣ್ಣ ಮೀನು ತಂದು ಆಮೆಗಳ ಟಬ್ಬಿಗೆ ಹಾಕತೊಡಗಿದಳು. "ನೀವು ಆ ಕಡೆ ತಿರುಗ್ಕೊಳಿ ಅಕ್ಕಾ, ನೋಡ್ಬೇಡಿ" ಅನ್ನುವಳು. ಸುನಂದಮ್ಮ ಮೂಗಿಗೆ ಸೆರಗು ಹಿಡಿದು ತಿರುಗಿಕೊಳ್ಳುವಳು. ತಿಂದವಾ ಅಂತ ತಿರುಗದೆಯೇ ಕೇಳುವಳು.

ಬಣ್ಣ ಬಿಡಿಸುವ ಕೆಲಸವಂತೂ ಶನಿ. ಸೀಮೆಎಣ್ಣೆ ಹಾಕಿದರೆ ಸಾಯುತ್ತವಂತೆ, ಚಾಕು ಮುಟ್ಟಿಸಿದರೆ ಚಿಪ್ಪು ಗಾಯವಂತೆ. ಕೊಬ್ಬರಿ ಎಣ್ಣೆ ಹಚ್ಚಿ, ನೆನೆಸಿ, ಉಗುರಲ್ಲಿ ಕೆರೆಯಬೇಕು. ಶಿವನಂಜಪ್ಪ ಕೋರ್ಟಿಗೆ ಹೋದ ಮೇಲೆ ಕೆರೆಯುವವರು ಯಾರು? ಇವಳೇ. ಒಕ್ಕಲಿಗೆ ಅಕ್ಕಿ ಆರಿಸಬೇಕು, ಕರೆಯಲು ಹೋಗಬೇಕು, ಸುಣ್ಣ ಬಳಿಯುವವನ ಹಿಂದೆ ಬೀಳಬೇಕು. ಅದರ ನಡುವೆ ಆಮೆಯ ಬೆನ್ನು! "ಮತ್ತೆ ಬನ್ನಿಯಂತೆ, ಮತ್ತೆ! ಬಂದ್ರೆ ಕಾಲು ಮುರೀತೀನಿ" ಅಂತ ಬೈಯುತ್ತಾ ಕೆರೆದಳು. ಮೊದಲು 'ಮತ್ತೆ' ಹೋಯಿತು, 'ಬನ್ನಿ' ಬಹಳ ದಿನ ಸತಾಯಿಸಿತು. ಒಂದು ಬೆಳಗ್ಗೆ ಚಿಕ್ಕದು ಊದಿದ ಕಣ್ಣನ್ನು ಪಿಳಕ್ಕಂತ ತೆರೆದು ಇವಳನ್ನೇ ನೋಡಿತು. ಸುನಂದಮ್ಮನಿಗೆ ಖುಷಿಯಾಯಿತು. ಖುಷಿಯಾಯಿತಲ್ಲ ಅಂತ ಸಿಟ್ಟೂ ಬಂತು.

ಹೊಸಮನೆಯ ಎದುರುಮನೆ ತಿಮ್ಮಮ್ಮನಿಗೆ ಇದು ಗೊತ್ತಾಗದೆ ಇರುತ್ತದೆಯೇ? ಬಾಯಿ ಬೊಂಬಾಯಿ ಅವಳದು. ಒಕ್ಕಲಿಗೆ ಎರಡು ದಿನವಿದೆ ಅನ್ನುವಾಗ ವಠಾರಕ್ಕೇ ಬಂದಳು.

"ಅಲ್ಲ ಕಣಕ್ಕ, ಆಮೆ ಇಟ್ಕೊಂಡು ಒಕ್ಕಲು ಮಾಡ್ತೀಯಾ? ಬೀದೀಲಿ ಒಬ್ರೂ ಒಳೀಕ್ ಬರಕಿಲ್ಲ, ಯೋಳ್ಬುಟ್ಟಿವ್ನಿ. ನಾನೂ ಬರಕಿಲ್ಲ."

ಇಷ್ಟು ವರ್ಷ ಕಾದದ್ದು ಎರಡು ಚಿಪ್ಪಿನ ಪ್ರಾಣಿಗೆ ಬಲಿಯಾಗಬೇಕೆ? ಸುನಂದಮ್ಮ ಗಂಡನಿಗೂ ಹೇಳದೆ ಆಮೆಗಳನ್ನು ಕುಕ್ಕೆಗೆ ಹಾಕಿ, ಸೆರಗು ಮುಚ್ಚಿ, ತಿಮ್ಮಮ್ಮನ ಜೊತೆಯಲ್ಲೇ ಕೆರೆಗೆ ನಡೆದಳು.

ದಂಡೆಯಲ್ಲಿ ಕುಕ್ಕೆ ಓರೆ ಮಾಡಿದಳು. ಎರಡೂ ಕೆಸರಿಗೆ ಇಳಿದವು, ನೀರಿನ ಕಡೆ ಹೋಗಲಿಲ್ಲ. ತಿರುಗಿ ಕತ್ತು ಚಾಚಿ ಇವಳ ಕೈ ನೋಡುತ್ತಾ ನಿಂತವು. "ಹೋಗ್ರೋ, ನೀರು ಅಲ್ಲೈತೆ" ಅಂತ ಕೈ ಬೀಸಿದರೆ, ಕೈಯಲ್ಲೇನೋ ಇದೆ ಅಂತ ಇನ್ನೂ ಹತ್ತಿರ ಬಂದವು.

"ಬುಟ್ಟು ಬಾ ಕಣಕ್ಕ" ಅಂದಳು ತಿಮ್ಮಮ್ಮ. "ಆಮೆ ಹೋಯ್ತು ಅಂದ್ರೆ ಅರ್ಧ ಪೀಡೆ ಕಳೀತು. ಇನ್ನರ್ಧಕ್ಕೆ ಏನ್ ಮಾಡಕಾಯ್ತದೆ? ಅದು ತಾಳಿ ಕಟ್ಬುಟ್ಟದೆ!" ಅಂದು ಕಿಸಕ್ಕನೆ ನಕ್ಕಳು.

ಇಂಥ ಮಾತಿಗೆ ಇಷ್ಟು ವರ್ಷ ಸುನಂದಮ್ಮ ತಾನೂ ನಕ್ಕು ಸುಮ್ಮನಾಗುತ್ತಿದ್ದಳು. ಇವತ್ತು ನಗು ಬರಲಿಲ್ಲ. ಅದು ಅಂತೆ, ಅದು! ಒಬ್ಬರ ಒಂದು ಲೋಟ ಕಾಫಿಗೂ ಕೈ ಚಾಚದ ಮನುಷ್ಯ. ಖಾಲಿ ಮಾಡಿಸಿದ ಮನೆಯ ಮುದುಕಿಯರ ಗಂಟು ತಾನೇ ಹೊತ್ತು ಬಸ್ಸು ಹತ್ತಿಸಿ ಬರುವ ಮನುಷ್ಯ. ಅವನೂ ಪೀಡೆ, ಕಣ್ಣು ಬಿಡಲೂ ಆಗದೆ ಇದ್ದ ಈ ಜೀವವೂ ಪೀಡೆ. ಸುನಂದಮ್ಮ ಕೆಸರಿಗೆ ಕಾಲಿಟ್ಟು ಎರಡನ್ನೂ ಎತ್ತಿ ಕುಕ್ಕೆಗೆ ಹಾಕಿಕೊಂಡಳು.

"ಯಾಕಕ್ಕ?"

"ಎರಡೂ ಅರ್ಧ ನನ್ನವೇ. ನನ್ಹತ್ರಾನೇ ಇರ್ಲಿ ಬುಡು."

ಒಕ್ಕಲಿನ ದಿನ ಆಗಬಾರದ್ದೇ ಆಯಿತು. ಐನೋರು ಚನ್ನಬಸವಣ್ಣ ಪೂಜೆ ಮುಗಿಸಿದರು, ಹಾಲು ಉಕ್ಕಿತು. ಜನವೇನೋ ಬಂದರು. ಆದರೆ ಶಾಮಿಯಾನದಡಿ ಕೂತು ಪಾನಕ ಕುಡಿದು, ಬೆಲೆ, ಮಳೆ, ಹೊಗೆಸೊಪ್ಪು ಅಂತ ಮಾತಾಡಿದರೇ ಹೊರತು ಒಬ್ಬರೂ ಎದ್ದು ಒಳಗೆ ಬರಲಿಲ್ಲ. ಒಳಗೆ ಹಾಸಿದ ಎಲೆಗಳು ಹಾಗೇ ಒಣಗುತ್ತಿದ್ದವು. ಗಂಡನನ್ನು ಕಳಿಸಿ ಕರೆಸೋಣ ಅಂದರೆ ಅವನೇ ಕಾಣಲಿಲ್ಲ.

ಹಿತ್ತಲಲ್ಲಿ ಸಿಕ್ಕಿದ. ಹೊಸ ಪಂಚೆ ಮೊಣಕಾಲಿಗೆ ಎತ್ತಿ, ವಠಾರದಿಂದ ತಂದಿಟ್ಟಿದ್ದ ಆಮೆಗಳ ಟಬ್ಬಿನ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದ.

"ಇಲ್ಲೇನ್ರೀ ಮಾಡ್ತಿದೀರಿ?"

"ನಾನೂ ಒಳಗಿಲ್ಲ, ಇವೂ ಒಳಗಿಲ್ಲ ಅಂತ ಹೇಳಿ ಜನಾನ ಕರಿ ಸುನಂದಾ" ಅಂದ ಶಿವನಂಜಪ್ಪ. ಮುಖದಲ್ಲಿ ಬೇಜಾರೂ ಇರಲಿಲ್ಲ, ಅಷ್ಟು ಅಭ್ಯಾಸವಾಗಿತ್ತು. "ಉಂಡು ಹೋಗ್ಲಿ. ಆಮೇಲೆ ನಾವು ಬತ್ತೀವಿ. ನಿನ್ನಾಸೆ ಅಲ್ವಾ?"

ಸುನಂದಮ್ಮನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಊರಿನ ಮೇಲೋ, ಗಾದೆಯ ಮೇಲೋ, ಈ ಬೆಪ್ಪನ ಮೇಲೋ ಅವಳಿಗೇ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಬಳಬಳ ಇಳಿಯಿತು. ಒಂದು ಕೈಯಲ್ಲಿ ಟಬ್ಬನ್ನು ಸೊಂಟಕ್ಕೆ ಇಟ್ಟುಕೊಂಡು, ಇನ್ನೊಂದರಲ್ಲಿ ಗಂಡನ ರಟ್ಟೆ ಹಿಡಿದು, ಹಿತ್ತಲ ಬಾಗಿಲಿಂದಲ್ಲ, ಮನೆ ಸುತ್ತಿ ಶಾಮಿಯಾನದ ನಡುವೆಯೇ ಎಳೆದುಕೊಂಡು ಬಂದಳು. ಹೊಸ್ತಿಲಲ್ಲಿ ಕೈ ಬಿಟ್ಟಳು.

"ಬಲಗಾಲಿಟ್ಟು ಒಳಗೆ ನಡೀರಿ, ಅಮೀನ್ರೇ."

ಅವನು ನಡೆದ. ಟಬ್ಬನ್ನು ಪಡಸಾಲೆಯ ಮಧ್ಯದಲ್ಲೇ ಇಟ್ಟು ಅವಳು ಹೊರಗಿನವರ ಕಡೆ ತಿರುಗಿದಳು. "ಆಮೆ, ಅಮೀನ ಇಬ್ರೂ ಒಳಗವ್ರೆ. ಉಣ್ಣೋರು ಬನ್ನಿ. ಬೀದೀಲಿ ನಾನು ಎಲೆ ಹಾಕಕಿಲ್ಲ."

ಒಂದಷ್ಟು ಜನ ಚಪ್ಪಲಿ ಮೆಟ್ಟಿ ಹೊರಟೇಹೋದರು. ಅಕ್ತರುನ್ನೀಸಾ ಬಂದು ಕೂತಳು. ಐನೋರು ಒಂದು ಗಳಿಗೆ ಯೋಚಿಸಿ, ಕೆಮ್ಮಿ, ಬಂದು ಕೂತರು. ಸುನಂದಮ್ಮ ಮೊದಲು ಗಂಡನ ಎಲೆಗೆ ಪಾಯಸ ಬಡಿಸಿದಳು. ಅರ್ಧ ನೆಲಕ್ಕೆ ಚೆಲ್ಲಿತು, ಒರೆಸಲಿಲ್ಲ. ಹೊಸ್ತಿಲಾಚೆ ತಿಮ್ಮಮ್ಮ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಅವಳಿಗೂ ಒಳಗೇ ಒಂದು ಎಲೆ ಹಾಕಿ ಸುನಂದಮ್ಮ ಕೂತವರಿಗೆ ಅನ್ನ ಬಡಿಸಲು ಹೋದಳು.